ಬಿಸಿಲೂರಿನಲ್ಲಿ ಓಡುವವರು ವಾಚು ಕೊಳ್ಳುವ ಮುನ್ನ

ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಬಳ್ಳಾರಿಯ ಮೈದಾನವೊಂದರಲ್ಲಿ, ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದ ಹುಡುಗನೊಬ್ಬ ನಾಲ್ಕನೆಯ ಸುತ್ತಿನ ಕೊನೆಯ ತಿರುವು ದಾಟಿ, ನೇರ ದಾರಿಯ ನಡುವೆಯೇ ಓಟ ನಿಲ್ಲಿಸಿದ. ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಲೇ ಮಣಿಕಟ್ಟಿನ ವಾಚನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಪರದೆಯ ಮೇಲೆ 1.60 ಕಿ.ಮೀ. ಎಂದೂ 6:22 ಎಂದೂ ಇತ್ತು. ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಿ ಮುಗಿಸಬೇಕಾಗಿರುವುದರಿಂದ ಎಂಟು ಸೆಕೆಂಡು ಉಳಿಯಿತೆಂಬ ಸಂತೋಷ ಅವನದು. ಆದರೆ ಸುಣ್ಣದ ಪುಡಿಯಲ್ಲಿ ಎಳೆದ ಕೊನೆಯ ಗೆರೆ ಅವನು ನಿಂತ ಜಾಗದಿಂದ ಇನ್ನೂ ನಲವತ್ತು ಮೀಟರಿನಷ್ಟು ಮುಂದಿತ್ತು. ಅವನು ಓಡುತ್ತಿದ್ದ ವೇಗದಲ್ಲಿ ಆ ನಲವತ್ತು ಮೀಟರಿಗೆ ಹತ್ತು ಸೆಕೆಂಡು ಬೇಕು. ಅಂದರೆ ನಿಜವಾದ ಲೆಕ್ಕ 6:32.

ವಾಚು ಕೆಟ್ಟಿರಲಿಲ್ಲ. ಅದು ಮಾಡಿದ್ದು ಶೇಕಡಾ ಎರಡೂವರೆಯಷ್ಟು ತಪ್ಪು, ಮತ್ತು ಚಿಕ್ಕ ಮೈದಾನದಲ್ಲಿ ಸುತ್ತು ಹೊಡೆಯುವಾಗ ಜಿಪಿಎಸ್ ವಾಚುಗಳು ಅಷ್ಟು ತಪ್ಪುವುದು ಸಾಮಾನ್ಯ. ಭಾನುವಾರ ಹತ್ತು ಕಿಲೋಮೀಟರ್ ಓಡುವ ಹವ್ಯಾಸಿಗೆ ಆ ತಪ್ಪು ಲೆಕ್ಕಕ್ಕೇ ಬರುವುದಿಲ್ಲ, ಈ ಹುಡುಗನಿಗೆ ಮಾತ್ರ ಅದು ನೌಕರಿಯ ಪ್ರಶ್ನೆ. ಹಾಗಾಗಿ "ಓಡೋಕೆ ಯಾವ ವಾಚು ಒಳ್ಳೇದು" ಎಂದು ಯಾರಾದರೂ ಕೇಳಿದಾಗ ನಾನು ತಿರುಗಿ ಕೇಳುವುದು, ಓಡಿದ ಮೇಲೆ ವಾಚಿನಿಂದ ನಿಮಗೆ ಏನು ತಿಳಿಯಬೇಕು ಎಂದು. ಹೊತ್ತು ತಿಳಿಯಬೇಕೇ, ದೂರ ತಿಳಿಯಬೇಕೇ, ಎದೆಬಡಿತ ತಿಳಿಯಬೇಕೇ ಎಂಬುದು ಗೊತ್ತಾದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಮುಕ್ಕಾಲು ಪಾಲು ವಾಚುಗಳನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

ಹೊತ್ತು ಮಾತ್ರ ಸಾಕಾದವರು

ನೇಮಕಾತಿಗೆ ಓಡುವವರಿಗೆ ದೂರವನ್ನು ವಾಚು ಹೇಳಬೇಕಾಗಿಲ್ಲ, ಅದನ್ನು ಮೈದಾನವೇ ಹೇಳುತ್ತದೆ. ಅವರಿಗೆ ಬೇಕಾದದ್ದು ನಂಬಿಕೆಯ ಸ್ಟಾಪ್‌ವಾಚ್. 1600 ಮೀಟರಿಗೆ 390 ಸೆಕೆಂಡು ಎಂದರೆ 400 ಮೀಟರಿನ ಒಂದು ಸುತ್ತಿಗೆ 97.5 ಸೆಕೆಂಡು, ಮೊದಲ ಸುತ್ತು ಹುಮ್ಮಸ್ಸಿನಲ್ಲಿ 85ಕ್ಕೆ ಮುಗಿದರೆ ಮೂರನೆಯ ಸುತ್ತು 105 ದಾಟುವುದು ಹೆಚ್ಚುಕಡಿಮೆ ಖಂಡಿತ. ಆದ್ದರಿಂದ ಪ್ರತಿ ಸುತ್ತಿಗೂ ಗೆರೆಯ ಮೇಲೆ ಒಮ್ಮೆ ಗುಂಡಿ ಒತ್ತಿ, ಸುತ್ತಿನ ಹೊತ್ತನ್ನು ನೋಡಿಕೊಳ್ಳುವುದೇ ಇಲ್ಲಿನ ಅಭ್ಯಾಸದ ತಿರುಳು. ಮಹಿಳಾ ಅಭ್ಯರ್ಥಿಗಳಿಗೆ 400 ಮೀಟರಿಗೆ 2 ನಿಮಿಷ ಎಂಬ ಮಿತಿ ಇರುವುದರಿಂದ ಅವರ ಪರೀಕ್ಷೆ ಒಂದೇ ಸುತ್ತಿನಲ್ಲಿ ಮುಗಿದುಹೋಗುತ್ತದೆ. ಅಷ್ಟು ಚಿಕ್ಕ ಓಟದಲ್ಲಿ ಉಪಗ್ರಹದ ಸಂಕೇತದಿಂದ ಆಗುವ ಲಾಭ ಏನೂ ಇಲ್ಲ. (ಮಿತಿಗಳು ಹುದ್ದೆಯಿಂದ ಹುದ್ದೆಗೆ ಬೇರೆ ಇರುತ್ತವೆಯಾದ್ದರಿಂದ ನಿಮ್ಮ ಅಧಿಸೂಚನೆಯನ್ನು ಓದಿಕೊಂಡೇ ಲೆಕ್ಕ ಹಾಕಿ.)

ಇದಕ್ಕೆ 1989ರಲ್ಲಿ ಬಂದ ಕ್ಯಾಸಿಯೊ ಎಫ್-91ಡಬ್ಲ್ಯು ಎಂಬ ಕಪ್ಪು ಪ್ಲಾಸ್ಟಿಕ್ ವಾಚು ಈಗಲೂ ಸಾಕು. ತೂಕ 21 ಗ್ರಾಂ, ಒಂದು ಸೆಲ್ಲಿಗೆ ಏಳು ವರ್ಷ ಬಾಳಿಕೆ, ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಎಣಿಕೆ. ಅದರ ಕೊರತೆ ಎರಡು: ಸ್ಟಾಪ್‌ವಾಚ್ ಒಂದು ಗಂಟೆಗೆ ಮುಗಿಯುತ್ತದೆ, ಮತ್ತು ಹಿಂದಿನ ಸುತ್ತುಗಳ ಹೊತ್ತನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಸುತ್ತುಗಳ ನೆನಪು ಬೇಕೆಂದರೆ ಲ್ಯಾಪ್ ಮೆಮೊರಿ ಇರುವ ಡಿಜಿಟಲ್ ವಾಚು ನೋಡಬೇಕು. ಟೈಮೆಕ್ಸ್ ಕಂಪನಿಯ ಐರನ್‌ಮ್ಯಾನ್ ಸರಣಿ 1986ರಿಂದಲೂ ಇದೇ ಕೆಲಸಕ್ಕೆ ಹೆಸರಾದದ್ದು. ಮನೆಯಲ್ಲಿ ಕಷ್ಟಪಟ್ಟು ಓದಿಸುತ್ತಿರುವಾಗ ಹದಿನೈದು ಸಾವಿರದ ವಾಚಿಗೆ ಕಂತು ಕಟ್ಟುವ ಹುಡುಗರನ್ನು ನೋಡಿದ್ದೇನೆ. ಆ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಶೂ, ಮೂರು ತಿಂಗಳ ಮೊಟ್ಟೆ ಹಾಲು ಬರುತ್ತದೆ ಎಂದು ಅವರಿಗೆ ಹೇಳುತ್ತಲೇ ಬಂದಿದ್ದೇನೆ.

ಈ ಗುಂಪಿಗೆ ಸೇರಿದವರು ಇಲ್ಲಿಂದ ಮುಂದಕ್ಕೆ ಓದದಿದ್ದರೂ ನಡೆಯುತ್ತದೆ.

ಜಿಪಿಎಸ್ ವಾಚಿನಲ್ಲಿದೆಯೋ, ಫೋನಿನಲ್ಲಿದೆಯೋ

ರಸ್ತೆಯಲ್ಲಿ, ಕಾಲುವೆ ಏರಿಯ ಮೇಲೆ, ಹೊಲದ ದಾರಿಯಲ್ಲಿ ಓಡುವವರಿಗೆ ದೂರ ಮತ್ತು ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬುದು ತಿಳಿಯಬೇಕು. ಅದಕ್ಕೆ ಜಿಪಿಎಸ್ ಬೇಕು. ಅಗ್ಗದ ಸ್ಮಾರ್ಟ್‌ವಾಚುಗಳಲ್ಲಿ ಜನ ಮೋಸಹೋಗುವುದು ಇದೇ ಜಾಗದಲ್ಲಿ.

ನಾನೇ ಹಾಗೆ ಮೋಸಹೋಗಿದ್ದೇನೆ. ನನ್ನ ಮೊದಲ ವಾಚಿನ ಡಬ್ಬದ ಮೇಲೆ ಜಿಪಿಎಸ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಮರುದಿನ ಫೋನನ್ನು ಮನೆಯಲ್ಲೇ ಬಿಟ್ಟು ಕಾಲುವೆ ಏರಿಯ ಮೇಲೆ, ಎಷ್ಟೋ ಸಲ ಸೈಕಲ್ಲಿನಲ್ಲಿ ಅಳೆದಿದ್ದ ಎಂಟು ಕಿಲೋಮೀಟರಿನ ದಾರಿಯಲ್ಲಿ ಓಡಿ ಬಂದರೆ ವಾಚು 9.4 ಎಂದಿತು, ನಕ್ಷೆಯ ಜಾಗ ಖಾಲಿ ಇತ್ತು. ಆಮೇಲೆ ಕೈಪಿಡಿಯ ಸಣ್ಣ ಅಕ್ಷರಗಳನ್ನು ಓದಿದಾಗ ತಿಳಿದದ್ದು, ಅದರಲ್ಲಿ ಇದ್ದದ್ದು "ಕನೆಕ್ಟೆಡ್ ಜಿಪಿಎಸ್" ಎಂದು. ಫೋನು ಜೊತೆಗಿದ್ದರೆ ಫೋನಿನ ಜಿಪಿಎಸ್ಸನ್ನು ಎರವಲು ಪಡೆಯುತ್ತದೆ. ಇಲ್ಲದಿದ್ದರೆ ಕೈ ಬೀಸುವುದನ್ನು ಎಣಿಸಿ, ಹೆಜ್ಜೆಯ ಉದ್ದವನ್ನು ಊಹಿಸಿ ಏನೋ ಒಂದು ಸಂಖ್ಯೆ ಕೊಡುತ್ತದೆ. ಫೋನನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡುವವರಿಗೆ ಇದರಿಂದ ನಷ್ಟವಿಲ್ಲ, ಆದರೆ ಅವರಿಗೆ ಫೋನಿನಲ್ಲಿರುವ ಒಂದು ಉಚಿತ ಆ್ಯಪ್ ಸಾಕಾಗುತ್ತಿತ್ತಲ್ಲ, ವಾಚು ಏಕೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಇದನ್ನು ಕಂಡುಹಿಡಿಯಲು ಒಂದು ಸುಲಭದ ದಾರಿಯಿದೆ. ವಾಚಿನ ವಿವರಪಟ್ಟಿಯಲ್ಲಿ ಬ್ಯಾಟರಿಯ ಸಾಲನ್ನು ನೋಡಿ. "ಜಿಪಿಎಸ್ ಮೋಡಿನಲ್ಲಿ ಇಷ್ಟು ಗಂಟೆ" ಎಂದು ಬೇರೆಯಾಗಿ ಬರೆದಿದ್ದರೆ ವಾಚಿನೊಳಗೇ ಚಿಪ್ ಇದೆ ಎಂದರ್ಥ, ಏಕೆಂದರೆ ಉಪಗ್ರಹದ ಸಂಕೇತ ಹಿಡಿಯುವ ಕೆಲಸ ಬ್ಯಾಟರಿಯನ್ನು ಬೇಗ ತಿನ್ನುವುದರಿಂದ ಚಿಪ್ ಇರುವ ಯಾವ ಕಂಪನಿಯೂ ಆ ಲೆಕ್ಕವನ್ನು ಬಿಡುವುದಿಲ್ಲ. "ಏಳು ದಿನ", "ಹತ್ತು ದಿನ" ಎಂದಷ್ಟೇ ಇದ್ದು ಗಂಟೆಯ ಲೆಕ್ಕ ಎಲ್ಲಿಯೂ ಇಲ್ಲದಿದ್ದರೆ ಅಂಗಡಿಯವರನ್ನು ಮತ್ತೊಮ್ಮೆ ಕೇಳಬೇಕು.

ಚಿಪ್ ಇದೆ ಎಂದಾದ ಮೇಲೆ ಅದರ ಗುಣದ ಮಾತು. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಹಿಡಿಯುವ ವಾಚುಗಳು ಈಗ ಸಾಮಾನ್ಯವಾಗಿವೆ. ನಮ್ಮದೇ ನಾವಿಕ್ ವ್ಯವಸ್ಥೆಯಲ್ಲಿ, ಸಣ್ಣ ಸಾಧನಗಳಲ್ಲಿ ಹೆಚ್ಚಾಗಿ ಬಳಸುವ ಎಲ್1 ಎಂಬ ತರಂಗಾಂತರವನ್ನು 2023ರ ಮೇ ತಿಂಗಳಲ್ಲಿ ಹಾರಿಸಿದ ಎನ್‌ವಿಎಸ್-01 ಉಪಗ್ರಹದಿಂದ ಸೇರಿಸಲಾಗಿದೆ. ಆದರೂ ನಾವಿಕ್ ಇದೆಯೋ ಇಲ್ಲವೋ ಎಂಬುದರ ಮೇಲೆ ವಾಚು ಆರಿಸುವ ಅಗತ್ಯ ಸದ್ಯಕ್ಕಿಲ್ಲ. ಹೆಚ್ಚು ತೂಕದ ಪ್ರಶ್ನೆ ಎಂದರೆ ಒಂದೇ ತರಂಗಾಂತರವೋ, ಎಲ್1 ಮತ್ತು ಎಲ್5 ಎಂಬ ಎರಡೂ ತರಂಗಾಂತರಗಳೋ ಎಂಬುದು. ಎರಡನೆಯದಕ್ಕೆ ಡ್ಯುಯಲ್ ಬ್ಯಾಂಡ್ ಅಥವಾ ಡ್ಯುಯಲ್ ಫ್ರೀಕ್ವೆನ್ಸಿ ಎನ್ನುತ್ತಾರೆ.

ಇದರ ಅಗತ್ಯ ನೀವು ಓಡುವ ನೆಲವನ್ನು ಅವಲಂಬಿಸಿದೆ. ಉಪಗ್ರಹದಿಂದ ಬರುವ ಸಂಕೇತ ಎತ್ತರದ ಗೋಡೆಗೋ ಬಂಡೆಗೋ ಬಡಿದು ತಿರುಗಿ ವಾಚಿಗೆ ತಲುಪಿದರೆ ಅದು ಸ್ವಲ್ಪ ತಡವಾಗಿರುತ್ತದೆ, ಆ ತಡವನ್ನು ವಾಚು ದೂರವೆಂದು ತಿಳಿದು ನಿಮ್ಮನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸುತ್ತದೆ. ಎರಡು ತರಂಗಾಂತರ ಹಿಡಿಯುವ ವಾಚು ನೇರವಾಗಿ ಬಂದದ್ದನ್ನೂ ಬಡಿದು ಬಂದದ್ದನ್ನೂ ಇನ್ನಷ್ಟು ಚೆನ್ನಾಗಿ ಬೇರ್ಪಡಿಸಬಲ್ಲದು. ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳ ನಡುವೆ ಓಡುವವರಿಗೆ ಆಕಾಶ ನಾಲ್ಕೂ ದಿಕ್ಕಿಗೆ ತೆರೆದಿರುತ್ತದೆ. ಅಲ್ಲಿ ಒಂದು ತರಂಗಾಂತರದ ವಾಚು ಕೂಡ ಗೆರೆ ಎಳೆದ ಹಾಗೆ ದಾರಿ ತೋರಿಸುತ್ತದೆ. ಆನೆಗೊಂದಿಯ ಬಂಡೆಗಳ ಸಂದಿಯಲ್ಲಿ, ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ, ಸಂಡೂರಿನ ಕಣಿವೆಗಳ ಮರದ ನೆರಳಿನಲ್ಲಿ ಓಡುವವರು ಮಾತ್ರ ಹೆಚ್ಚಿನ ದುಡ್ಡು ಕೊಡುವುದಕ್ಕೆ ಅರ್ಥವಿದೆ.

ಏರಿಳಿತದ ಲೆಕ್ಕವೂ ಹೀಗೆಯೇ. ಜಿಪಿಎಸ್ ಎತ್ತರವನ್ನು ಅಷ್ಟು ಚೆನ್ನಾಗಿ ಹೇಳಲಾರದು. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೊಮೀಟರ್ ಇರುವ ವಾಚು ಅದಕ್ಕಿಂತ ಮೇಲು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ವಾರಕ್ಕೊಮ್ಮೆ ಹತ್ತಿ ಇಳಿಯುವವರಿಗೆ ಅದು ಬೇಕು. ರಾಯಚೂರಿನ ಬಯಲಿನಲ್ಲಿ ಓಡುವವರಿಗೆ ಬೇಡ.

ಬಿಸಿಲಿನಲ್ಲಿ ಕಾಣದ ಪರದೆ

ಈಗಿನ ವಾಚುಗಳ ಪರದೆ ಮುಖ್ಯವಾಗಿ ಎರಡು ಜಾತಿ. ಅಮೊಲೆಡ್ ಪರದೆ ತಾನೇ ಬೆಳಕು ಕೊಡುತ್ತದೆ; ಬಣ್ಣ ಚೆನ್ನ, ಅಂಗಡಿಯ ದೀಪದ ಕೆಳಗೆ ಕಣ್ಣು ಸೆಳೆಯುವುದು ಇದೇ. ಎಂಐಪಿ ಎಂಬ ಇನ್ನೊಂದು ಜಾತಿಯ ಪರದೆ ಹೊರಗಿನ ಬೆಳಕನ್ನು ಪ್ರತಿಫಲಿಸಿ ಕಾಣಿಸಿಕೊಳ್ಳುತ್ತದೆ. ಅಂಗಡಿಯೊಳಗೆ ಮಂಕಾಗಿ, ಹಳೆಯ ಕ್ಯಾಲ್ಕುಲೇಟರಿನ ಹಾಗೆ ಕಾಣುವ ಅದೇ ಪರದೆ, ಹೊರಗೆ ಬಿಸಿಲು ಏರಿದಷ್ಟೂ ಸ್ಪಷ್ಟವಾಗುತ್ತದೆ. ಅದರ ಮೇಲೆ ಅಂಕಿ ಸದಾ ಕಾಣುತ್ತಲೇ ಇರುವುದರಿಂದ ಕೈ ತಿರುಗಿಸಿ ಎಚ್ಚರಿಸಬೇಕಾಗಿಲ್ಲ, ಬ್ಯಾಟರಿಯನ್ನೂ ಅಷ್ಟಾಗಿ ತಿನ್ನುವುದಿಲ್ಲ.

ಹಾಗಾದರೆ ಬಳ್ಳಾರಿಯವರು ಕಣ್ಣುಮುಚ್ಚಿ ಎಂಐಪಿ ಕೊಳ್ಳಬೇಕು ಎಂದು ನಾನೂ ಬಹಳ ದಿನ ಹೇಳುತ್ತಿದ್ದೆ. ಈಗ ಅಷ್ಟು ಖಂಡಿತವಾಗಿ ಹೇಳುವುದಿಲ್ಲ. ಬಿಸಿಲಿಗೆ ಹೆದರಿಯೇ ನಮ್ಮಲ್ಲಿ ಹೆಚ್ಚಿನವರು ಬೇಸಿಗೆಯಲ್ಲಿ ನಸುಕಿನ ನಾಲ್ಕೂವರೆ ಐದಕ್ಕೆ ಹೊರಟು ಸೂರ್ಯ ಮೇಲೇರುವಷ್ಟರಲ್ಲಿ ಮನೆ ಸೇರುತ್ತಾರೆ; ಆ ಕತ್ತಲಲ್ಲಿ ಅಮೊಲೆಡ್ ಓದುವುದೇ ಸುಲಭ, ಎಂಐಪಿಗೆ ಪ್ರತಿ ಸಲ ದೀಪದ ಗುಂಡಿ ಒತ್ತಬೇಕು. ಭಾನುವಾರದ ಉದ್ದ ಓಟವನ್ನು ಎಂಟೂವರೆಯವರೆಗೆ ಎಳೆಯುವವರು, ಸಂಜೆ ಐದರ ಇಳಿಬಿಸಿಲಿಗೆ ಮುಖ ಕೊಟ್ಟು ಓಡುವವರು ಎಂಐಪಿ ಕಡೆಗೆ ವಾಲುವುದು ಒಳ್ಳೆಯದು. ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ವಾಚನ್ನು ಅಂಗಡಿಯ ಮೆಟ್ಟಿಲಿಗೆ ತಂದು, ಮಧ್ಯಾಹ್ನದ ಬೆಳಕಿನಲ್ಲಿ ಕೈ ಬೀಸುತ್ತ ನಾಲ್ಕು ಹೆಜ್ಜೆ ನಡೆದು, ಅಂಕಿ ಒಂದೇ ನೋಟಕ್ಕೆ ಸಿಗುತ್ತದೆಯೇ ಎಂದು ನೋಡಬೇಕು. ನಲವತ್ತು ದಾಟಿದವರು ಕನ್ನಡಕವಿಲ್ಲದೆ ಈ ಪರೀಕ್ಷೆ ಮಾಡಲಿ, ಏಕೆಂದರೆ ಓಡುವಾಗ ಓದುವ ಕನ್ನಡಕ ಹಾಕಿಕೊಂಡಿರುವುದಿಲ್ಲ.

ಬೆವರಿನ ಬೆರಳಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಓಟ ಶುರು ಮಾಡುವುದು, ಸುತ್ತು ಗುರುತಿಸುವುದು, ನಿಲ್ಲಿಸುವುದು ಈ ಮೂರಕ್ಕಾದರೂ ಒತ್ತುವ ಗುಂಡಿಗಳಿರುವ ವಾಚನ್ನೇ ಆರಿಸಿಕೊಳ್ಳಿ.

ಎದೆಬಡಿತ: ಈ ಊರಿನಲ್ಲಿ ಪೇಸ್‌ಗಿಂತ ಹೆಚ್ಚು ಕೆಲಸಕ್ಕೆ ಬರುವ ಅಂಕಿ

ನನ್ನದೇ ದಿನಚರಿ ಪುಸ್ತಕದಲ್ಲಿ ಒಂದೇ ದಾರಿಯ, ಒಂದೇ ವೇಗದ ಎರಡು ಓಟಗಳು ಪಕ್ಕಪಕ್ಕದಲ್ಲಿವೆ. ಜನವರಿಯದರಲ್ಲಿ ಸರಾಸರಿ ಎದೆಬಡಿತ 145, ಏಪ್ರಿಲ್ ಕೊನೆಯದರಲ್ಲಿ 160. ನನ್ನ ಶಕ್ತಿ ಮೂರು ತಿಂಗಳಲ್ಲಿ ಕುಸಿದಿರಲಿಲ್ಲ. ಬಿಸಿಲಿಗೆ ದೇಹವು ತನ್ನನ್ನು ತಂಪಾಗಿಸಿಕೊಳ್ಳಲು ರಕ್ತವನ್ನು ಚರ್ಮದ ಕಡೆಗೆ ಹರಿಸುತ್ತದೆ, ಬೆವರಿನಿಂದ ರಕ್ತದಲ್ಲಿನ ನೀರಿನಂಶವೂ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗಿ ಅದು ಹೆಚ್ಚು ಸಲ ಬಡಿಯಬೇಕಾಗುತ್ತದೆ. ಇಂಥ ದಿನ ಪೇಸ್ ನೋಡಿಕೊಂಡು ಓಡಿದವನು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾನೆ. ಬಡಿತ ನೋಡಿಕೊಂಡು ಓಡಿದವನು ತಾನಾಗಿಯೇ ವೇಗ ತಗ್ಗಿಸುತ್ತಾನೆ. ವರ್ಷದ ನಾಲ್ಕು ತಿಂಗಳು ಪಾದರಸ ನಲವತ್ತರ ಆಸುಪಾಸಿನಲ್ಲೇ ಆಡುವ ನಮ್ಮ ಜಿಲ್ಲೆಗಳಲ್ಲಿ ಎದೆಬಡಿತವನ್ನು ಸರಿಯಾಗಿ ಹೇಳುವ ವಾಚಿಗೆ ನಾನು ದೂರವನ್ನು ಕರಾರುವಾಕ್ಕಾಗಿ ಹೇಳುವ ವಾಚಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಡಾಕ್ಟರ್ ಹೇಳಿದ ಮೇಲೆ ಓಟಕ್ಕೆ ಬಂದವರಿಗಂತೂ ಇದೇ ಮೊದಲ ಲೆಕ್ಕ.

ಮಣಿಕಟ್ಟಿನ ವಾಚು ಬಡಿತ ಎಣಿಸುವುದು ಹಸಿರು ಬೆಳಕಿನಿಂದ. ಚರ್ಮದ ಕೆಳಗಿನ ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಬಡಿತಕ್ಕೊಮ್ಮೆ ರಕ್ತ ಉಕ್ಕಿದಾಗ ತಿರುಗಿ ಬರುವ ಬೆಳಕು ಕಡಿಮೆಯಾಗುತ್ತದೆ, ಆ ಏರಿಳಿತವನ್ನು ವಾಚು ಎಣಿಸುತ್ತದೆ. ಚಳಿದೇಶದವರಿಗೆ ಕೈಯ ರಕ್ತನಾಳಗಳು ಸಂಕುಚಿಸಿ ಇದು ಕೈಕೊಡುವುದುಂಟು. ನಮಗೆ ಆ ತೊಂದರೆ ಇಲ್ಲ, ಬೆವರಿಗೆ ವಾಚು ಜಾರುವ ತೊಂದರೆ ಇದೆ. ವಾಚು ಸಡಿಲವಾಗಿ ಕುಣಿದರೆ ಅದು ಬಡಿತವನ್ನು ಬಿಟ್ಟು ಹೆಜ್ಜೆಯನ್ನು ಎಣಿಸತೊಡಗುತ್ತದೆ. ಮೆಲ್ಲನೆ ಓಡುತ್ತಿದ್ದರೂ ಬಡಿತ 170 ಎಂದು ತೋರಿಸಿ ಅಲ್ಲೇ ಅಂಟಿಕೊಂಡಿದ್ದರೆ, ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಿದ್ದೀರಿ ಎಂದು ಎಣಿಸಿ ನೋಡಿ. ಅದೂ 170 ಬಂದರೆ ವಾಚು ಮೋಸಹೋಗಿದೆ ಎಂದು ಗೊತ್ತಾಯಿತು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ, ಚರ್ಮಕ್ಕೆ ಒತ್ತಿದ ಹಾಗೆ ಕಟ್ಟಿದರೆ ಇದು ಬಹುಪಾಲು ನಿಲ್ಲುತ್ತದೆ.

ಅಷ್ಟು ಮಾಡಿದರೂ ಸರಿಹೋಗದಿದ್ದರೆ ಎದೆಗೆ ಕಟ್ಟುವ ಪಟ್ಟಿ ಇದೆ. ಅದು ಬೆಳಕಿನಿಂದಲ್ಲ, ಇಸಿಜಿಯ ಹಾಗೆ ಹೃದಯದ ವಿದ್ಯುತ್ತಿನಿಂದ ಎಣಿಸುವುದರಿಂದ ಹೆಚ್ಚು ನಂಬಿಕೆಯದು. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದ ಎದೆಬಡಿತ ಮಾಪಕವನ್ನು ಮಾರುಕಟ್ಟೆಗೆ ತಂದಾಗಿನಿಂದ ಇದರ ಮೂಲತತ್ವ ಬದಲಾಗಿಲ್ಲ; ಕಟ್ಟುವ ಮೊದಲು ಪಟ್ಟಿಯ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಿಕೊಳ್ಳಬೇಕು ಎಂಬುದನ್ನು ಮರೆಯದಿದ್ದರೆ ಸಾಕು. ದುಬಾರಿ ವಾಚಿನ ಬದಲು ಮಧ್ಯಮ ದರ್ಜೆಯ ವಾಚು ಮತ್ತು ಒಂದು ಎದೆಪಟ್ಟಿ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಜಾಣತನದ ಲೆಕ್ಕ.

ಗರಿಷ್ಠ ಬಡಿತವನ್ನು ಹೆಚ್ಚಿನ ವಾಚುಗಳು 220ರಿಂದ ವಯಸ್ಸನ್ನು ಕಳೆದು ಇಟ್ಟುಕೊಳ್ಳುತ್ತವೆ. 2001ರಲ್ಲಿ ಪ್ರಕಟವಾದ ಇನ್ನೊಂದು ಸೂತ್ರ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ ಎನ್ನುತ್ತದೆ. ಐವತ್ತು ವರ್ಷದವರಿಗೆ ಮೊದಲನೆಯದರಿಂದ 170, ಎರಡನೆಯದರಿಂದ 173. ಎರಡೂ ಸರಾಸರಿ ಲೆಕ್ಕಗಳೇ. ಒಬ್ಬೊಬ್ಬರಲ್ಲಿ ಹತ್ತಿಪ್ಪತ್ತು ಬಡಿತ ಆಚೀಚೆ ಇರುವುದು ಸಹಜವಾದ್ದರಿಂದ ಆ ಅಂಕಿಯನ್ನು ಕೈಯಾರೆ ಬದಲಾಯಿಸಲು ಬಿಡುವ ವಾಚನ್ನೇ ಕೊಳ್ಳಿ. ಹೃದಯದ ಮಾತ್ರೆ ತೆಗೆದುಕೊಳ್ಳುವವರು ಯಾವ ಸೂತ್ರವನ್ನೂ ನಂಬದೆ ತಮ್ಮ ಡಾಕ್ಟರರನ್ನೇ ಕೇಳಬೇಕು. ಕೆಲವು ಮಾತ್ರೆಗಳು ಬಡಿತವನ್ನೇ ತಗ್ಗಿಸಿಡುತ್ತವೆ.

ಇನ್ನೊಂದು ಮಾತು. ಏಪ್ರಿಲ್ ಬಂದ ಕೂಡಲೇ ವಾಚು "ನಿಮ್ಮ ಫಿಟ್ನೆಸ್ ಇಳಿಯುತ್ತಿದೆ" ಎಂದು ದಿನವೂ ಚುಚ್ಚತೊಡಗುತ್ತದೆ. ಗಾರ್ಮಿನ್ ಕಂಪನಿಯ ಮೇಲಿನ ದರ್ಜೆಯ ಕೆಲವು ವಾಚುಗಳು ಉಷ್ಣತೆ 22 ಡಿಗ್ರಿ ದಾಟಿದರೆ ಸೆಕೆಯ ಲೆಕ್ಕವನ್ನು ಹಿಡಿದು ಈ ಅಂದಾಜನ್ನು ತಿದ್ದಿಕೊಳ್ಳುತ್ತವೆ. ನಮ್ಮಲ್ಲಿ 22 ಡಿಗ್ರಿ ಎಂದರೆ ಸ್ವೆಟರ್ ಹುಡುಕುವ ಹವೆ ಎಂಬುದು ಆ ವಾಚು ಮಾಡಿದವರಿಗೆ ಗೊತ್ತಿರಲಾರದು.

ಬ್ಯಾಟರಿ, ತೂಕ, ಪಟ್ಟಿ

ವಾರಕ್ಕೆ ಐದು ದಿನ ಒಂದೊಂದು ಗಂಟೆ ಓಡುವವರಿಗೆ ಜಿಪಿಎಸ್ ಮೋಡಿನಲ್ಲಿ ಇಪ್ಪತ್ತು ಗಂಟೆ ಬರುವ ವಾಚು ಧಾರಾಳವಾಯಿತು. ಮ್ಯಾರಥಾನಿನ 42.195 ಕಿಲೋಮೀಟರನ್ನು ಆರು ಗಂಟೆಯಲ್ಲಿ ಮುಗಿಸುವವರಿಗೂ ಅದು ಸಾಕು. ಹದಿನೆಂಟು ಗಂಟೆಗೊಮ್ಮೆ ಚಾರ್ಜ್ ಬೇಡುವ ಸ್ಮಾರ್ಟ್‌ವಾಚುಗಳನ್ನು ರಾತ್ರಿ ಕರೆಂಟು ಹೋದ ಊರಿನಲ್ಲಿ ಬೆಳಿಗ್ಗೆ ಐದಕ್ಕೆ ನೆಚ್ಚಿಕೊಳ್ಳುವುದು ಕಷ್ಟ. ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ವಾಚನ್ನು ಬಿಟ್ಟು ಹೋಗುವುದರಿಂದಲೂ ಅದರ ಆಯಸ್ಸು ಕುಗ್ಗುತ್ತದೆ.

ತೂಕ ನಲವತ್ತು ಗ್ರಾಮಿನ ಒಳಗಿದ್ದರೆ ಕೈಗೆ ವಾಚಿರುವುದೇ ಮರೆತುಹೋಗುತ್ತದೆ. ಸಿಲಿಕೋನ್ ಪಟ್ಟಿಯ ಕೆಳಗೆ ಬೆವರು ನಿಂತು ತುರಿಕೆ ಏಳುವುದು ಇಲ್ಲಿ ಮಾಮೂಲು, ನೈಲಾನ್ ಪಟ್ಟಿ ಬೇಗ ಒಣಗುತ್ತದೆ. ಪಟ್ಟಿ ಬದಲಾಯಿಸಲು ಬರುವ ವಾಚು ಇರಲಿ. ನೀರಿನ ಒತ್ತಡ ತಾಳುವ ಅಳತೆಯಾಗಿ 5 ಎಟಿಎಂ ಎಂದು ಬರೆದಿದ್ದರೆ ಬೆವರು, ಮಳೆ, ಈಜು ಯಾವುದಕ್ಕೂ ಅಂಜಬೇಕಾಗಿಲ್ಲ. ಫೋನಿಗೆ ಬರುವ ಸಂದೇಶಗಳನ್ನು ವಾಚಿನಲ್ಲೂ ಓದುವ ಆಸೆಯಿದ್ದರೆ ಕೊಳ್ಳುವ ಮೊದಲು ಒಂದು ಕನ್ನಡ ಸಂದೇಶ ಕಳಿಸಿ ನೋಡಿ. ಕೆಲವು ವಾಚುಗಳಲ್ಲಿ ಅಕ್ಷರದ ಬದಲು ಖಾಲಿ ಚೌಕಗಳ ಸಾಲು ಬರುತ್ತದೆ.

ಹೆಸರು ಹೇಳಿ ಎಂದರೆ

ಗಾರ್ಮಿನ್ ಫೋರ್‌ರನ್ನರ್ 55 ಎಂಬುದು 2021ರದ್ದು. ಎಂಐಪಿ ಪರದೆ, ಐದು ಗುಂಡಿ, 37 ಗ್ರಾಂ, ಜಿಪಿಎಸ್ಸಿನಲ್ಲಿ 20 ಗಂಟೆ. ಹಳೆಯದಾದರೂ ಮೊದಲ ವಾಚಾಗಿ ಇಂದಿಗೂ ಕೊರತೆಯಿಲ್ಲ. 2024ರ ಫೋರ್‌ರನ್ನರ್ 165ರಲ್ಲಿ ಅಮೊಲೆಡ್ ಪರದೆ ಇದೆ, ಬ್ಯಾರೊಮೀಟರ್ ಇದೆ, ಎರಡು ತರಂಗಾಂತರ ಇಲ್ಲ. ಕೊರೋಸ್ ಕಂಪನಿಯ ಪೇಸ್ 3 ಎಂಬ 2023ರ ವಾಚು ನೈಲಾನ್ ಪಟ್ಟಿ ಸೇರಿ 30 ಗ್ರಾಂ ತೂಗುತ್ತದೆ. ಎಂಐಪಿ ಪರದೆ, ಎರಡು ತರಂಗಾಂತರ, ಜಿಪಿಎಸ್ಸಿನಲ್ಲಿ 38 ಗಂಟೆ. ಬಯಲಿನಲ್ಲೂ ಬಂಡೆಗಳ ನಡುವೆಯೂ ಓಡುವ ನನ್ನಂಥವರಿಗೆ ಈ ಮೂರರಲ್ಲಿ ಕೊನೆಯದು ಹಿಡಿಸುತ್ತದೆ, ಮನೆಯವರಿಗೆ ಮಾತ್ರ ಅದು ಆಟಿಕೆಯಂತೆ ಕಾಣುತ್ತದೆ. ಹೊಸ ಮಾದರಿ ಬಂದ ವಾರದಲ್ಲಿ ಹಳೆಯ ಮಾದರಿಯ ಬೆಲೆ ಇಳಿಯುವುದರಿಂದ, ಅವಸರವಿಲ್ಲದವರು ಅದಕ್ಕೆ ಕಾಯುವುದು ಲಾಭ.

ದುಬೈಯಿಂದ ಬರುವ ನೆಂಟರ ಕೈಯಲ್ಲಿ ತರಿಸುವವರು ಭಾರತದಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಹಳೆಯ ಮಾಲೀಕರು ತಮ್ಮ ಖಾತೆಯಿಂದ ವಾಚನ್ನು ತೆಗೆದದ್ದನ್ನು ಕಣ್ಣಾರೆ ನೋಡಿ, ಜಿಪಿಎಸ್ ಹಾಕಿ ಒಂದು ಗಂಟೆ ಬಿಟ್ಟು ಬ್ಯಾಟರಿ ಎಷ್ಟು ಇಳಿಯಿತು ಎಂದು ಅಳೆದುಕೊಂಡ ಮೇಲೆಯೇ ದುಡ್ಡು ಎಣಿಸಬೇಕು.

ಮನೆಗೆ ತಂದ ಮೇಲೆ ಮಾಡಬೇಕಾದ ಪರೀಕ್ಷೆ

ಆನ್‌ಲೈನಿನಲ್ಲಿ ಕೊಂಡ ವಾಚನ್ನು ಹಿಂದಿರುಗಿಸಲು ಕೆಲವೇ ದಿನಗಳ ಅವಕಾಶ ಇರುತ್ತದೆ. ಆ ದಿನಗಳನ್ನು ವಾಲ್‌ಪೇಪರ್ ಬದಲಾಯಿಸುವುದರಲ್ಲಿ ಕಳೆಯದೆ ಮೈದಾನಕ್ಕೆ ಹೋಗಿ.

ಸರಿಯಾಗಿ ಅಳೆದ 400 ಮೀಟರ್ ಟ್ರ್ಯಾಕ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಬಯಲಿನಲ್ಲಿ ನಿಂತು, ಉಪಗ್ರಹ ಸಿಕ್ಕಿತು ಎಂದು ವಾಚು ಹೇಳಿದ ಮೇಲೂ ಒಂದು ನಿಮಿಷ ಕಾಯಿರಿ. ಮೊದಲ ಕ್ಷಣದ ಹಿಡಿತ ಅಷ್ಟು ಗಟ್ಟಿಯಾಗಿರುವುದಿಲ್ಲ. ಒಂದನೇ ಲೇನಿನಲ್ಲಿ, ಒಳಅಂಚಿನಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 30 ಸೆಂಟಿಮೀಟರ್ ದೂರದಲ್ಲಿ ಓಡಿದರೆ ಒಂದು ಸುತ್ತು 400 ಮೀಟರ್ ಆಗುತ್ತದೆ. ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ ಏಳೂವರೆ ಮೀಟರಿಗಿಂತ ಹೆಚ್ಚು ಸೇರುತ್ತದೆ. ಎಂಟನೇ ಲೇನಿನ ಸುತ್ತು ಸುಮಾರು 453 ಮೀಟರ್. ಇದು ತಿಳಿಯದೆ ಹೊರಗಿನ ಲೇನಿನಲ್ಲಿ ಓಡಿ ವಾಚನ್ನು ಬೈಯುವವರನ್ನು ನೋಡಿದ್ದೇನೆ. ಹತ್ತು ಸುತ್ತು ಓಡಿ, ಪ್ರತಿ ಗೆರೆಗೂ ಗುಂಡಿ ಒತ್ತಿ, ಕೊನೆಗೆ ವಾಚು 4.00 ಕಿಲೋಮೀಟರಿಗೆ ಎಷ್ಟು ಹತ್ತಿರ ಬಂತು ನೋಡಿ. 3.95ರಿಂದ 4.08ರ ಒಳಗಿದ್ದರೆ ವಾಚು ಒಳ್ಳೆಯದೇ. ಇದನ್ನು ಎರಡು ಮೂರು ದಿನ ಮಾಡಬೇಕು, ಉಪಗ್ರಹಗಳ ಜಾಗ ದಿನವೂ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತಿರುತ್ತದೆ.

ಕೆಲವು ವಾಚುಗಳಲ್ಲಿ ಟ್ರ್ಯಾಕ್ ಮೋಡ್ ಎಂದು ಬೇರೆ ಇರುತ್ತದೆ. ಲೇನಿನ ಸಂಖ್ಯೆ ಹೇಳಿದರೆ ಓಟವನ್ನು 400 ಮೀಟರಿನ ಅಚ್ಚಿಗೆ ಕೂಡಿಸಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಅಳತೆಯ ಟ್ರ್ಯಾಕಿನಲ್ಲಿ ಇದು ಬಹಳ ಚೆನ್ನ; ನಮ್ಮ ತಾಲೂಕುಗಳ ಎಷ್ಟೋ ಶಾಲಾ ಮೈದಾನಗಳಲ್ಲಿ ಸುಣ್ಣ ಹಾಕಿ ಎಳೆದ ಸುತ್ತು 300 ಮೀಟರೋ 340 ಮೀಟರೋ ಇರುತ್ತದೆ, ಅಲ್ಲಿ ಈ ಮೋಡ್ ಹಾಕಿದರೆ ತಪ್ಪು ಇನ್ನೂ ಹೆಚ್ಚುತ್ತದೆ. ಟ್ರ್ಯಾಕೇ ಇಲ್ಲದ ಊರಿನವರು ಹಾರ್ಡ್‌ವೇರ್ ಅಂಗಡಿಯ 50 ಮೀಟರ್ ಟೇಪ್ ತಂದು, ಇಬ್ಬರು ಸೇರಿ, ನೇರ ರಸ್ತೆಯ ಅಂಚಿನಲ್ಲಿ ಹತ್ತು ಸಲ ಹಾಸಿ 500 ಮೀಟರ್ ಗುರುತು ಮಾಡಿಕೊಳ್ಳಬಹುದು. ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ನಂಬಬೇಡಿ. ರಸ್ತೆ ಅಗಲವಾದಾಗ, ಬೈಪಾಸ್ ಬಂದಾಗ ಕಲ್ಲುಗಳನ್ನು ಕಿತ್ತು ಮತ್ತೆ ಹುಗಿಯುತ್ತಾರೆ.

ಎದೆಬಡಿತದ ಪರೀಕ್ಷೆ ಇನ್ನೂ ಸರಳ. ಓಟ ನಿಲ್ಲಿಸಿದ ಕೂಡಲೇ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ವಾಚಿನ ಅಂಕಿ ಅದಕ್ಕಿಂತ ಐದಾರು ಆಚೀಚೆ ಇದ್ದರೆ ಚಿಂತೆಯಿಲ್ಲ.

ಪರೀಕ್ಷೆ ಮುಗಿದ ಮೇಲೆ ಸೆಟ್ಟಿಂಗಿನಲ್ಲಿ ಎರಡು ಬದಲಾವಣೆ ಮಾಡಿಕೊಳ್ಳಿ. ಪಥವನ್ನು ಪ್ರತಿ ಸೆಕೆಂಡಿಗೂ ದಾಖಲಿಸುವಂತೆ ಇಡಿ. ಬ್ಯಾಟರಿ ಉಳಿಸಲು ಕೆಲವು ವಾಚುಗಳು ನಡುವೆ ಬಿಂದುಗಳನ್ನು ಹಾರಿಸಿ ತಿರುವುಗಳನ್ನು ಕತ್ತರಿಸಿಬಿಡುತ್ತವೆ. ಪರದೆಯ ಮೇಲೆ ಈ ಕ್ಷಣದ ಪೇಸ್ ಬದಲು ಈ ಕಿಲೋಮೀಟರಿನ ಸರಾಸರಿ ಪೇಸ್ ಇಟ್ಟುಕೊಳ್ಳಿ, ಕ್ಷಣದ ಪೇಸ್ ಮಂಗನಂತೆ ಜಿಗಿಯುತ್ತಿರುತ್ತದೆ. ದಾರಿಯ ಅಳತೆಯನ್ನು ಪ್ರಮಾಣೀಕರಿಸಿದ ಸ್ಪರ್ಧೆಗೆ ಹೋದಾಗ ವಾಚು 10 ಕಿಲೋಮೀಟರಿನ ಬದಲು 10.15 ತೋರಿಸಿದರೆ ಗಾಬರಿ ಬೇಡ. ಅಳತೆ ಕಡಿಮೆ ಬೀಳದಿರಲೆಂದು ಅಂಥ ದಾರಿಗಳನ್ನು ಸಾವಿರಕ್ಕೆ ಒಂದು ಪಾಲು ಉದ್ದ ಇಟ್ಟೇ ಅಳೆಯುತ್ತಾರೆ. ಅದರ ಮೇಲೆ, ತಿರುವುಗಳಲ್ಲಿ ಯಾರೂ ಅಳೆದವರ ಹಾಗೆ ಒಳಅಂಚಿಗೆ ಅಂಟಿ ಓಡುವುದಿಲ್ಲ. ಅಂಥ ದಿನ, ಕಿಲೋಮೀಟರಿಗೊಮ್ಮೆ ತಾನಾಗಿಯೇ ಗುರುತು ಹಾಕುವ ಆಟೊ ಲ್ಯಾಪ್ ಅನ್ನು ಆಫ್ ಮಾಡಿ, ಕಿಲೋಮೀಟರ್ ಫಲಕ ಕಂಡಾಗಲೆಲ್ಲ ಕೈಯಿಂದಲೇ ಗುಂಡಿ ಒತ್ತಿ.

ಓಡಿ ಬಂದ ಮೇಲೆ ವಾಚನ್ನು ಕುಡಿಯುವ ನೀರಿನಲ್ಲಿ ಒಮ್ಮೆ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆಯೇ ಚಾರ್ಜಿಗೆ ಹಾಕಿ. ಬೆವರಿನ ಉಪ್ಪು ಚಾರ್ಜ್ ಆಗುವ ಲೋಹದ ಚುಕ್ಕೆಗಳನ್ನು ತಿನ್ನುತ್ತದೆ, ಸಂಡೂರು ದಾರಿಯ ಅದಿರಿನ ಕೆಂಪು ಧೂಳು ಗುಂಡಿಯ ಸಂದಿಯಲ್ಲಿ ಕೂತು ಅದನ್ನು ಬಿಗಿಯಾಗಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಸೆನ್ಸರಿನ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ನನ್ನ ಈಗಿನ ವಾಚಿನ ಹಿಂಬದಿಯಲ್ಲಿ ಅಂಥದೊಂದು ಕಲೆ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.